ವಂಶವಾಹಿ ತಿದ್ದುಪಡಿ: ಔಷಧಿ ಬಂದಿದೆ, ಯಾರಿಗಾಗಿ?

(ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ವಿಚಾರಗೋಷ್ಠಿಯಲ್ಲಿ ನೀಡಲಾದ ಭಾಷಣದ ಬರಹ ರೂಪ)



ಇಂದಿನ ವಿಷಯವನ್ನು ಆಮಂತ್ರಣ ಪತ್ರದಲ್ಲಿ ಓದಿದಾಗ, ಇದು ಪ್ರಯೋಗಾಲಯದ ವಿಷಯ, ನಮ್ಮ ಮನೆಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗಾದರೂ ಅನಿಸಿರಬಹುದು. ಸಂಬಂಧವಿದೆ. ಎರಡು ಮೂರು ವಾರಗಳಿಗೊಮ್ಮೆ ಮಗುವಿಗೆ ರಕ್ತ ಹಾಕಿಸಲು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಬಸ್ಸು ಹತ್ತುವ ತಂದೆ ತಾಯಂದಿರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಉಪವಾಸದ ತಿಂಗಳಲ್ಲಿ ಹಗಲು ಹೊತ್ತು ರಕ್ತದಾನಿಗಳನ್ನು ಹುಡುಕುವುದು ಅವರಿಗೆ ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಆ ಮಗುವಿನ ಕಾಯಿಲೆಯ ಹೆಸರು ಥಲಸ್ಸೇಮಿಯಾ. ಅದು ಅಂಟುವ ರೋಗವಲ್ಲ, ಯಾರದೋ ದೃಷ್ಟಿ ತಾಗಿ ಬಂದದ್ದೂ ಅಲ್ಲ. ರಕ್ತಕ್ಕೆ ಕೆಂಪು ಬಣ್ಣವನ್ನೂ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೂ ಕೊಡುವ ಹಿಮೋಗ್ಲೋಬಿನ್ ಎಂಬ ವಸ್ತುವನ್ನು ತಯಾರಿಸಲು ಬೇಕಾದ ವಂಶವಾಹಿಯಲ್ಲಿ ಇರುವ ಒಂದು ದೋಷವದು. ಜೀವಕೋಶದೊಳಗಿನ ಡಿಎನ್‌ಎಯನ್ನು ಮುನ್ನೂರು ಕೋಟಿ ಅಕ್ಷರಗಳ ಒಂದು ಗ್ರಂಥವೆಂದು ಭಾವಿಸಿದರೆ, ಅದರಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕು, ಮಗುವಿನ ಬಾಳು ಆಸ್ಪತ್ರೆಯ ಹಾಸಿಗೆಗೆ ಕಟ್ಟಿಬಿಡುತ್ತದೆ.

ಆ ತಪ್ಪಕ್ಷರವನ್ನು ಹುಡುಕಿ ತಿದ್ದಬಲ್ಲ ಉಪಕರಣವೊಂದು ಈಗ ಮನುಷ್ಯನ ಕೈಗೆ ಬಂದಿದೆ. ಅದರ ಹೆಸರು ಕ್ರಿಸ್ಪರ್. ಅದು ಮನುಷ್ಯನ ಸೃಷ್ಟಿಯಲ್ಲವೆಂಬುದು ಗಮನಾರ್ಹ. ತಮ್ಮ ಮೇಲೆ ದಾಳಿ ಮಾಡುವ ವೈರಸ್‌ಗಳ ಗುರುತನ್ನು ನೆನಪಿಟ್ಟುಕೊಂಡು, ಅವು ಮತ್ತೆ ಬಂದಾಗ ಕತ್ತರಿಸಿ ಹಾಕುವ ವ್ಯವಸ್ಥೆಯನ್ನು ಅಲ್ಲಾಹನು ಸೂಕ್ಷ್ಮ ಬ್ಯಾಕ್ಟೀರಿಯಾಗಳಲ್ಲಿ ಇಟ್ಟಿದ್ದಾನೆ. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳಲ್ಲಿ ಈ ವ್ಯವಸ್ಥೆ ಕೆಲಸ ಮಾಡುವುದನ್ನು 2007ರಲ್ಲಿ ಸಂಶೋಧಕರು ತೋರಿಸಿದರು. ನಾವು ದಿನವೂ ಉಣ್ಣುವ ಮೊಸರಿನ ಬಟ್ಟಲಿನಲ್ಲಿ ಇಂಥದ್ದೊಂದು ವಿದ್ಯೆ ಅಡಗಿತ್ತೆಂದು ಯಾರು ತಾನೇ ಊಹಿಸಿದ್ದರು? ಅದೇ ಕತ್ತರಿಯನ್ನು ನಮಗೆ ಬೇಕಾದ ಜಾಗಕ್ಕೆ ಕಳುಹಿಸಬಹುದೆಂದು 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪೆಂಟಿಯೆ ಎಂಬ ಇಬ್ಬರು ಮಹಿಳೆಯರು ಸಾಧಿಸಿ ತೋರಿಸಿದರು. 2020ರಲ್ಲಿ ಅವರಿಗೆ ರಸಾಯನ ಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಹೆಣ್ಣು ಮಕ್ಕಳಿಗೆ ವಿಜ್ಞಾನ ಶಿಕ್ಷಣ ಏಕೆ ಎಂದು ಕೇಳುವ ನಮ್ಮ ಕೆಲವು ಹಿರಿಯರ ಗಮನಕ್ಕಾಗಿ ಇದನ್ನು ಹೇಳಿದೆವು.

ಥಲಸ್ಸೇಮಿಯಾಕ್ಕೆ ಈ ಕತ್ತರಿಯಿಂದ ಚಿಕಿತ್ಸೆ ಹೇಗೆ ಎಂಬುದನ್ನು ತುಸು ವಿವರವಾಗಿ ನೋಡೋಣ. ತಾಯಿಯ ಗರ್ಭದಲ್ಲಿರುವಾಗ ಮಗುವಿಗೆ ಬೇರೆಯೇ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದರ ಉತ್ಪಾದನೆ ಬಹುತೇಕ ನಿಂತು, ದೊಡ್ಡವರ ಹಿಮೋಗ್ಲೋಬಿನ್ ಆ ಸ್ಥಾನಕ್ಕೆ ಬರುತ್ತದೆ. ಥಲಸ್ಸೇಮಿಯಾದ ಮಗು ಹುಟ್ಟಿದಾಗ ಆರೋಗ್ಯವಾಗಿದ್ದು, ತಿಂಗಳುಗಳು ಕಳೆದಂತೆ ಬಿಳುಚಿಕೊಳ್ಳುವುದು ಈ ಕಾರಣದಿಂದಲೇ. ಹಾಗಾದರೆ ಆ ಗರ್ಭದ ಹಿಮೋಗ್ಲೋಬಿನನ್ನು ಮತ್ತೆ ಎಚ್ಚರಿಸಲಾಗದೇ? ಇಟಲಿಯ ಸಾರ್ಡಿನಿಯಾ ದ್ವೀಪದ ಜನರಲ್ಲಿ ಈ ಕಾಯಿಲೆ ಕೆಲವರಿಗೆ ಸೌಮ್ಯವಾಗಿರುವುದೇಕೆಂದು ಹುಡುಕಿದಾಗ, ಬಿಸಿಎಲ್11ಎ ಎಂಬ ವಂಶವಾಹಿಯತ್ತ ಬೆರಳು ತೋರುವ ಸುಳಿವು ಸಿಕ್ಕಿತು. ಗರ್ಭದ ಹಿಮೋಗ್ಲೋಬಿನನ್ನು ಮಲಗಿಸುವ ಕೆಲಸ ಅದರದ್ದು. 2015ರಲ್ಲಿ ಬೋಸ್ಟನ್‌ನ ಸಂಶೋಧಕರು ಕ್ರಿಸ್ಪರ್‌ನಿಂದಲೇ ಅದರ ನಿಯಂತ್ರಣ ಪ್ರದೇಶವನ್ನು ಒಂದೊಂದೇ ಕಡೆ ಕತ್ತರಿಸುತ್ತಾ ಹೋಗಿ, ಎಲ್ಲಿ ಕತ್ತರಿಸಿದರೆ ಫಲ ಸಿಗುತ್ತದೆಂಬುದನ್ನು ಗುರುತಿಸಿದರು. ಸಂಶೋಧನೆಯಲ್ಲಿ ಈ ಉಪಕರಣದ ಬೆಲೆ ಏನೆಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಈಗ ರೋಗಿಯ ದೇಹದಿಂದಲೇ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಆ ಜಾಗವನ್ನು ಕತ್ತರಿಸಿ, ಮತ್ತೆ ಅವನ ದೇಹಕ್ಕೇ ಸೇರಿಸಲಾಗುತ್ತದೆ. ಅದಕ್ಕೂ ಮುನ್ನ ಮೂಳೆಯೊಳಗಿನ ಹಳೆಯ ಮಜ್ಜೆಯನ್ನು ಕೀಮೋ ಔಷಧಿಯಿಂದ ಬರಿದಾಗಿಸಬೇಕು. ಇದು ಸಣ್ಣ ಶಿಕ್ಷೆಯಲ್ಲ. ಕೂದಲು ಉದುರುತ್ತದೆ, ಸೋಂಕಿನ ಭಯವಿರುತ್ತದೆ, ಮುಂದೆ ಮಕ್ಕಳಾಗದಿರುವ ಸಾಧ್ಯತೆಯೂ ಇದೆ. ಆದರೂ ಫಲ ಬೆರಗುಗೊಳಿಸುವಂಥದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪರಿಶೀಲಿಸಿದ ಪ್ರಯೋಗದಲ್ಲಿ 35 ಥಲಸ್ಸೇಮಿಯಾ ರೋಗಿಗಳ ಪೈಕಿ 32 ಮಂದಿ ಕನಿಷ್ಠ ಒಂದು ವರ್ಷ ಕಾಲ ಹೊರಗಿನ ರಕ್ತವಿಲ್ಲದೆ ಬದುಕಿದರು. ಕ್ಯಾಸ್ಗೆವಿ ಎಂಬ ಹೆಸರಿನ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಮೊದಲು ಅನುಮತಿ ನೀಡಿತು. ಅಮೆರಿಕವು ಮರುತಿಂಗಳಲ್ಲೇ ಸಿಕಲ್ ಸೆಲ್ ರಕ್ತಹೀನತೆಗೂ 2024ರ ಜನವರಿಯಲ್ಲಿ ಥಲಸ್ಸೇಮಿಯಾಕ್ಕೂ ಒಪ್ಪಿಗೆ ಕೊಟ್ಟಿತು.

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಆ ಮದ್ದಿಗೆ ಅಮೆರಿಕದಲ್ಲಿ ಮನುಷ್ಯ ಅಂಟಿಸಿದ ಬೆಲೆಚೀಟಿಯನ್ನು ಕೇಳಿರಿ: 22 ಲಕ್ಷ ಡಾಲರ್. ಆಗಿನ ವಿನಿಮಯ ದರದಲ್ಲಿ ಒಬ್ಬ ರೋಗಿಗೆ 18 ಕೋಟಿ ರೂಪಾಯಿಗಳಿಗೂ ಮಿಕ್ಕಿ! ಥಲಸ್ಸೇಮಿಯಾ ಹೆಚ್ಚಾಗಿರುವುದು ಎಲ್ಲಿ? ಮೆಡಿಟರೇನಿಯನ್ ತೀರದಲ್ಲಿ, ಅರಬ್ ನಾಡುಗಳಲ್ಲಿ, ಇರಾನ್‌ನಲ್ಲಿ, ಪಾಕಿಸ್ತಾನದಲ್ಲಿ, ನಮ್ಮ ಭಾರತದಲ್ಲಿ. ಸಿಕಲ್ ಸೆಲ್ ಇರುವುದು ಆಫ್ರಿಕಾದಲ್ಲಿ ಮತ್ತು ನಮ್ಮ ಆದಿವಾಸಿಗಳಲ್ಲಿ. ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಇದೆ. ರೋಗ ಬಡವರ ನಾಡಿನದ್ದು, ಔಷಧಿ ಶ್ರೀಮಂತರ ನಾಡಿನದ್ದು. ಬಂಡವಾಳಶಾಹಿ ವ್ಯವಸ್ಥೆಯ ನೀತಿ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಕಾಣಸಿಗುತ್ತದೆ? ಈ ಹಿನ್ನೆಲೆಯಲ್ಲಿ, ದೆಹಲಿಯ ಐಜಿಐಬಿ ಎಂಬ ಸಾರ್ವಜನಿಕ ಸಂಶೋಧನಾ ಸಂಸ್ಥೆಯು ಸಿಕಲ್ ಸೆಲ್‌ಗಾಗಿ ಅಭಿವೃದ್ಧಿಪಡಿಸಿದ ಕ್ರಿಸ್ಪರ್ ಚಿಕಿತ್ಸೆಯನ್ನು ಕೇಂದ್ರ ಸರಕಾರವು 2025ರ ನವೆಂಬರ್‌ನಲ್ಲಿ ಬಿರ್ಸಾ 101 ಎಂಬ ಹೆಸರಿನಲ್ಲಿ ಪ್ರಕಟಿಸಿದ್ದು ಸ್ವಾಗತಾರ್ಹ. ಬಿರ್ಸಾ ಮುಂಡಾರ ಹೆಸರಿಟ್ಟರೆ ಸಾಲದು. ಆದಿವಾಸಿಯ ಮಗುವಿಗೆ ಅದು ಉಚಿತವಾಗಿ ತಲುಪುವುದೇ ಎಂದು ಕೇಳುವ ಹಕ್ಕು ನಮಗಿದೆ. ತೆರಿಗೆ ಕೊಟ್ಟವರು ನಾವು.

ಇನ್ನು, ಇದು ಧರ್ಮಬದ್ಧವೇ ಎಂಬ ಪ್ರಶ್ನೆ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಮನುಷ್ಯರನ್ನು ಪ್ರೇರಿಸುವೆನೆಂದು ಸೈತಾನನು ಸವಾಲೆಸೆದ ಪ್ರಸ್ತಾಪ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿದೆ. ಅದನ್ನು ಮುಂದಿಟ್ಟು ಎಲ್ಲ ತಿದ್ದುಪಡಿಯನ್ನೂ ನಿಷಿದ್ಧವೆನ್ನುವವರಿದ್ದಾರೆ. ಆದರೆ ಸೀಳಿದ ತುಟಿಯನ್ನು ಹೊಲಿಸುವುದು ಸೃಷ್ಟಿಯನ್ನು ಕೆಡಿಸುವುದಲ್ಲ, ಕೆಟ್ಟದ್ದನ್ನು ಸರಿಪಡಿಸುವುದು. 1998ರಲ್ಲಿ ಮಕ್ಕಾದ ಇಸ್ಲಾಮೀ ಫಿಕ್ಹ್ ಕೌನ್ಸಿಲ್, ಅಂದರೆ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಅಧೀನದ ವಿದ್ವತ್ ಮಂಡಳಿಯು, ರೋಗವನ್ನು ತಡೆಯಲು ಮತ್ತು ಗುಣಪಡಿಸಲು ವಂಶವಾಹಿ ತಂತ್ರವನ್ನು ಬಳಸಬಹುದು, ಆದರೆ ಅದರಿಂದ ಇನ್ನೂ ದೊಡ್ಡ ಹಾನಿಯಾಗಬಾರದು, ಮನುಷ್ಯನ ವ್ಯಕ್ತಿತ್ವದೊಂದಿಗೆ ಆಟವಾಡುವಂತಿಲ್ಲ ಎಂದು ತೀರ್ಮಾನಿಸಿತು. ಆಗ ಕ್ರಿಸ್ಪರ್ ಇನ್ನೂ ಉಪಕರಣವಾಗಿರಲಿಲ್ಲ. ವಿದ್ವಾಂಸರು ವಿಜ್ಞಾನದ ಹಿಂದೆಯೇ ಓಡುತ್ತಾರೆಂಬ ಆರೋಪ ಇಲ್ಲಿ ನಿಲ್ಲುವುದಿಲ್ಲ.

ಎಲ್ಲೆ ಮೀರಿದರೆ ಏನಾಗುತ್ತದೆಂಬುದನ್ನೂ ಜಗತ್ತು ಕಂಡಿದೆ. 2018ರ ನವೆಂಬರ್‌ನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, ಭ್ರೂಣದ ಹಂತದಲ್ಲೇ ವಂಶವಾಹಿಯನ್ನು ತಿದ್ದಿದ ಅವಳಿ ಹೆಣ್ಣು ಮಕ್ಕಳು ಹುಟ್ಟಿದ್ದಾರೆಂದು ಸಾರಿದರು. ಮಕ್ಕಳಿಗೆ ಎಚ್‌ಐವಿ ತಗಲದಿರಲೆಂಬುದು ಅವರ ಸಮಜಾಯಿಷಿ. ಭ್ರೂಣಕ್ಕಿಲ್ಲದ ರೋಗಕ್ಕೆ, ಬೇರೆ ಸರಳ ರಕ್ಷಣೆ ಇರುವಾಗ, ಈ ಪ್ರಯೋಗವೇಕೆ? ಆಸ್ಪತ್ರೆಯಲ್ಲಿ ರೋಗಿಯೊಬ್ಬನ ರಕ್ತಕೋಶವನ್ನು ತಿದ್ದಿದರೆ ಅದು ಅವನೊಂದಿಗೇ ಮುಗಿಯುತ್ತದೆ. ಭ್ರೂಣವನ್ನು ತಿದ್ದಿದರೆ ಅವನ ಮಕ್ಕಳು, ಮೊಮ್ಮಕ್ಕಳವರೆಗೂ ಹರಿಯುತ್ತದೆ. ಒಪ್ಪಿಗೆ ಕೇಳಲು ಅವರಿನ್ನೂ ಹುಟ್ಟಿಯೇ ಇಲ್ಲ. 2019ರ ಡಿಸೆಂಬರ್‌ನಲ್ಲಿ ಚೀನಾದ ನ್ಯಾಯಾಲಯ ಆ ವಿಜ್ಞಾನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು.

ಹೊಲದ ಮಾತನ್ನೂ ಒಂದಿಷ್ಟು ಆಡೋಣ. 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಅವುಗಳಲ್ಲೊಂದಾದ ಕಮಲಾ, ನಮ್ಮ ತುಂಗಭದ್ರಾ ಕಾಲುವೆಯ ರೈತರು ಬೆಳೆಯುವ ಸಾಂಬಾ ಮಸೂರಿಯಿಂದ ಹೈದರಾಬಾದಿನಲ್ಲಿ ರೂಪುಗೊಂಡಿದ್ದು, ಇಳುವರಿ ಹೆಚ್ಚು, ಕೊಯ್ಲು ಬೇಗ ಎನ್ನಲಾಗಿದೆ. ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಂದು ಸೇರಿಸಲಾಗಿತ್ತು. ಇಲ್ಲಿ ಹೊರಗಿನದ್ದನ್ನು ಉಳಿಸಿಲ್ಲ, ಭತ್ತದ ಸ್ವಂತ ವಂಶವಾಹಿಯನ್ನೇ ತಿದ್ದಲಾಗಿದೆ. ಈ ಬಗೆಯ ಬೆಳೆಗಳನ್ನು 2022ರಲ್ಲೇ ಸರಕಾರ ಕುಲಾಂತರಿಗಳ ಕಠಿಣ ನಿಯಮಗಳಿಂದ ಹೊರಗಿಟ್ಟಿತು. ನಮಗೆ ತಳಿಯ ಬಗ್ಗೆ ಆಕ್ಷೇಪವಿಲ್ಲ. ಕತ್ತರಿಯ ಪೇಟೆಂಟ್ ವಿದೇಶೀಯರ ಕೈಯಲ್ಲಿರುವಾಗ ಬೀಜ ಮುಂದೆಯೂ ರೈತನದ್ದಾಗಿ ಉಳಿಯುವುದೇ ಎಂಬುದು ನಮ್ಮ ಪ್ರಶ್ನೆ. ಮಕ್ಕಾದ ಅದೇ ತೀರ್ಮಾನವು, ಇಂತಹ ಆಹಾರ ಮತ್ತು ಔಷಧಗಳಲ್ಲಿ ಏನಿದೆಯೆಂದು ತಯಾರಕರು ಜನರಿಗೆ ತಿಳಿಸಬೇಕೆಂದೂ ಕರೆ ನೀಡಿತ್ತು. ಚೀಲದ ಮೇಲೆ ಎರಡು ಸಾಲು ಮುದ್ರಿಸಲು ಯಾವ ಸರಕಾರಕ್ಕೂ ಕಷ್ಟವಾಗದು.

ಮತ್ತೆ ಆ ಮಗುವಿನ ಬಳಿಗೆ ಬರೋಣ. ಹದಿನೆಂಟು ಕೋಟಿಯ ಔಷಧಿ ನಮ್ಮ ಕೈಗೆಟುಕುವ ದಿನ ಯಾವಾಗ ಬರುವುದೋ ಅಲ್ಲಾಹನೇ ಬಲ್ಲ. ಆದರೆ ಕೆಲವು ನೂರು ರೂಪಾಯಿಗಳ ರಕ್ತಪರೀಕ್ಷೆ ಇಂದೇ ಇದೆ. ತಂದೆ ತಾಯಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಮಾತ್ರ ಮಗುವಿಗೆ ಪೂರ್ಣ ಕಾಯಿಲೆ ಬರುತ್ತದೆ. ವಾಹಕರು ರೋಗಿಗಳಲ್ಲ. ಅವರು ದುಡಿಯುತ್ತಾರೆ, ಓದುತ್ತಾರೆ, ನೂರರಲ್ಲಿ ಒಬ್ಬರಂತೆ ಬದುಕುತ್ತಾರೆ, ತಾವು ವಾಹಕರೆಂಬುದೇ ಅವರಿಗೆ ತಿಳಿದಿರುವುದಿಲ್ಲ. ಇಬ್ಬರು ವಾಹಕರ ಪ್ರತಿಯೊಂದು ಗರ್ಭದಲ್ಲೂ ನಾಲ್ಕರಲ್ಲೊಂದು ಅಪಾಯವಿದೆ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳು ಸುರಕ್ಷಿತವೆಂಬ ಲೆಕ್ಕ ತಪ್ಪು. ಈ ತಪ್ಪು ಲೆಕ್ಕ ಹಾಕಿ ಎರಡನೆಯ ರೋಗಿ ಮಗುವನ್ನು ಪಡೆದ ಮನೆಗಳಿವೆ. ಅದಕ್ಕೂ ಕ್ರೂರವಾದದ್ದು, ಮಗು ಬಿಳುಚಿಕೊಂಡಾಗ ಸೊಸೆಯತ್ತ ಬೆರಳು ತೋರುವುದು. ದೋಷದ ಅರ್ಧಭಾಗ ನಿಮ್ಮ ಮಗನದ್ದೆಂಬುದನ್ನು ವಿಜ್ಞಾನ ಸಾಕ್ಷಿ ಸಮೇತ ಹೇಳುತ್ತಿದೆ. ಆ ಹೆಣ್ಣು ಮಗಳನ್ನು ತವರಿಗೆ ಅಟ್ಟಿದರೆ ನಾಳೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸುವಿರಿ?

ಹತ್ತಿರದ ಸಂಬಂಧದ ವಿವಾಹಗಳಲ್ಲಿ ಇಬ್ಬರೂ ಒಂದೇ ದೋಷದ ವಾಹಕರಾಗಿರುವ ಸಾಧ್ಯತೆ ಹೆಚ್ಚು. ಇದನ್ನು ಹಿಡಿದು ಮುಸ್ಲಿಮರನ್ನು ಹಳಿಯುವವರಿಗೆ ನಾವು ಹೇಳುವುದಿಷ್ಟೇ: ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಈ ನಾಡಿನ ಹಲವು ಹಿಂದೂ ಜಾತಿಗಳಲ್ಲೂ ಇದೆ, ಉತ್ತರ ಭಾರತದಲ್ಲಿ ಥಲಸ್ಸೇಮಿಯಾ ಹೆಚ್ಚಿರುವುದು ಪಂಜಾಬಿ, ಸಿಂಧಿ ಸಮುದಾಯಗಳಲ್ಲಿ. ಆದರೆ ಪರರಿಗೆ ಉತ್ತರ ಕೊಟ್ಟ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು. ಚಿಕ್ಕಪ್ಪನ ಮಗಳನ್ನು ವಿವಾಹವಾಗುವುದು ಶರೀಅತ್‌ನಲ್ಲಿ ಅನುಮತಿಸಲ್ಪಟ್ಟಿದೆ, ಕಡ್ಡಾಯವಲ್ಲ. ಕರಾವಳಿಯ ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನ ವಿದ್ವಾಂಸರೇ ನಿಕಟ ಬಂಧುವಲ್ಲದವರನ್ನು ಆರಿಸುವುದು ಉತ್ತಮವೆಂದು ಬರೆದಿದ್ದಾರೆ. ಆಸ್ತಿ ಹೊರಗೆ ಹೋಗದಿರಲೆಂದು ಸಂಬಂಧ ಬೆಳೆಸುವವರು ಅದನ್ನೂ ಓದಬೇಕು.

ಸೌದಿ ಅರೇಬಿಯಾದಲ್ಲಿ 2004ರಿಂದ, ಇರಾನ್‌ನಲ್ಲಿ ಅದಕ್ಕೂ ಮೊದಲೇ, ವಿವಾಹಪೂರ್ವ ಪರೀಕ್ಷೆ ಕಡ್ಡಾಯವಾಗಿದೆ. ನಮ್ಮ ಜಮಾಅತ್‌ಗಳಿಗೆ ಕಾನೂನಿನ ಬಲವಿಲ್ಲದಿರಬಹುದು, ನಿಕಾಹ್‌ನ ಅರ್ಜಿ ನಮೂನೆಯಂತೂ ಅವುಗಳ ಕೈಯಲ್ಲೇ ಇದೆ. ಪರೀಕ್ಷೆ ಮಾಡಿಸಲಾಗಿದೆಯೇ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಬಹುದು. ಫಲಿತಾಂಶ ಏನೆಂದು ಕೇಳಬೇಡಿರಿ. ಅದು ಎರಡು ಕುಟುಂಬಗಳ ಗುಟ್ಟು, ಮಸೀದಿಯ ಫಲಕದ ಮೇಲೆ ಬರುವಂಥದ್ದಲ್ಲ. ವಾಹಕಳೆಂದು ಗೊತ್ತಾದ ಹೆಣ್ಣಿಗೆ ವಾಹಕನಲ್ಲದ ವರನೊಂದಿಗೆ ಮದುವೆಯಾಗಲು ಯಾವ ಅಡ್ಡಿಯೂ ಇಲ್ಲವೆಂಬುದನ್ನು ಖತೀಬರು ಜುಮಾ ಖುತ್ಬಾದಲ್ಲಿ ಹೇಳಿದರೆ ಅರ್ಧ ಭಯ ಕರಗುತ್ತದೆ.

ಪ್ರಯೋಗಾಲಯಕ್ಕೆ ಹೋದಾಗ ಬರೀ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಿಸಿಕೊಂಡು ಮರಳಬೇಡಿರಿ, ಅದರಿಂದ ಇದು ತಿಳಿಯದು. ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎಂದು ಹೆಸರು ಹೇಳಿ ಕೇಳಿರಿ. ಮಾತು ಪಕ್ಕಾ ಮಾಡುವ ಮೊದಲೇ ಮಾಡಿಸಿರಿ, ಮಂಟಪ ಗೊತ್ತು ಮಾಡಿದ ಮೇಲಲ್ಲ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಸಹೋದರಿಯರು ಚೀಟಿಯಲ್ಲಿ ಬರೆದು ಕೊಟ್ಟರೂ ಸರಿ.