ಬೇರು ತಣ್ಣಗಿದ್ದರೆ ಮಾತ್ರ ಬದುಕುವ ಹೂವು: ಕೇಪ್‌ನ ಕೆಂಪು ಡೀಸಾ

ಬಸ್ಸಲ್ಲೋ, ಮೆಟ್ರೋದಲ್ಲೋ, ರಾತ್ರಿ ಪಾತ್ರೆ ತೊಳೀತಾನೋ ಕೇಳ್ತಿದ್ದೀರಿ ಅಂದ್ಕೋತೀನಿ. ಇವತ್ತಿನ ಎಪಿಸೋಡ್ ಒಂದು ಗಿಡದ ಬಗ್ಗೆ. ಇನ್‌ಸ್ಟಾದಲ್ಲಿ ಇದರ ಫೋಟೋ ನೋಡಿ "ಇದು ಎಲ್ಲಿ ಸಿಗುತ್ತೆ, ಬೆಂಗಳೂರಲ್ಲಿ ಬೆಳೆಯುತ್ತಾ" ಅಂತ ಕೇಳೋರು ತುಂಬ ಜನ. ಉತ್ತರ ಕೊಡ್ತೀನಿ. ಆದರೆ ಅದಕ್ಕೂ ಮೊದಲು ಆ ಗಿಡದ ಊರು ನೋಡ್ಕೊಂಡು ಬರೋಣ. ಊರು ಗೊತ್ತಿಲ್ಲದೆ ಅದನ್ನ ಸಾಕೋಕೆ ಆಗಲ್ಲ.

ಆರ್ಕಿಡ್ ಅಂದ ಕೂಡಲೇ ನಮ್ಮ ಮಲೆನಾಡಿನವರಿಗೆ ಸೀತಾಳೆ ದಂಡೆ ನೆನಪಾಗುತ್ತೆ. ಮರದ ಕೊಂಬೆ ಮೇಲೆ ಬೇರು ಬಿಟ್ಕೊಂಡು, ಮಳೆಗಾಲ ಶುರುವಾಗೋ ಹೊತ್ತಿಗೆ ಜಡೆ ಥರ ಇಳಿಬೀಳೋ ಹೂಗೊಂಚಲು. ನಾನು ಹೇಳ್ತಿರೋದು ಮರದ ಮೇಲಿನ ಆರ್ಕಿಡ್ ಅಲ್ಲ, ನೆಲದಲ್ಲಿ ಬೆಳೆಯೋದು. ಹೆಸರು ಡೀಸಾ ಯೂನಿಫ್ಲೋರಾ. ಇಂಗ್ಲಿಷ್‌ನಲ್ಲಿ ರೆಡ್ ಡೀಸಾ ಅಂತಾರೆ, 'ಪ್ರೈಡ್ ಆಫ್ ಟೇಬಲ್ ಮೌಂಟನ್' ಅಂತಲೂ ಅಂತಾರೆ. ಟೇಬಲ್ ಮೌಂಟನ್ ಗೊತ್ತಲ್ವಾ? ದಕ್ಷಿಣ ಆಫ್ರಿಕಾದಲ್ಲಿ ಕ್ರಿಕೆಟ್ ಮ್ಯಾಚ್ ಇದ್ದಾಗ ಕೇಪ್‌ಟೌನ್ ಸ್ಟೇಡಿಯಂ ಹಿಂದೆ ಮೇಲ್ಭಾಗ ಮೇಜಿನ ಹಾಗೆ ಸಪಾಟಾಗಿ ಕಾಣುತ್ತಲ್ಲ, ಅದೇ ಬೆಟ್ಟ.

1767ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಬರ್ಗಿಯಸ್ ಈ ಗಿಡಕ್ಕೆ ಹೆಸರಿಟ್ಟರು. ಯೂನಿಫ್ಲೋರಾ ಅಂದ್ರೆ ಒಂದೇ ಹೂವಿನದು. ಅವರ ಮುಂದಿದ್ದ ಒಣಗಿದ ಮಾದರಿಯಲ್ಲಿ ಒಂದೇ ಹೂವಿತ್ತಂತೆ. ನಿಜಕ್ಕೂ ಒಂದು ಕಾಂಡದಲ್ಲಿ ಎರಡು ಮೂರು ಹೂ ಬರೋದು ಮಾಮೂಲು, ಕೆಲವೊಮ್ಮೆ ಇನ್ನೂ ಜಾಸ್ತಿ. ಹೂವು ಅಂಗೈ ಅಗಲ, ಕಡು ಕೆಂಪು. ನಾವು ಎಸಳು ಅಂದ್ಕೊಳ್ಳೋ ಆ ಎರಡು ದೊಡ್ಡ ಕೆಂಪು ಭಾಗಗಳು ನಿಜವಾಗಿ ಎಸಳಲ್ಲ, ಪುಷ್ಪಪತ್ರಗಳು. ಮೇಲಿರೋ ಮೂರನೆಯದು ಟೋಪಿ ಥರ ಬಾಗಿರುತ್ತೆ, ಅದರ ತುಂಬ ಕೆಂಪು ಗೆರೆಗಳ ಬಲೆ. ಹಿಂಭಾಗದಲ್ಲಿ ಮಕರಂದ ತುಂಬಿದ ಪುಟ್ಟ ಕೊಳವೆ.

ಆ ಮಕರಂದ ಯಾರಿಗೆ? ಏರೋಪೀಟಿಸ್ ಅನ್ನೋ ಒಂದು ದೊಡ್ಡ ಕಂದು ಚಿಟ್ಟೆಗೆ. ಕೇಪ್‌ನ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಹಾರಾಡೋ ಈ ಚಿಟ್ಟೆಗೆ ಕೆಂಪು ಬಣ್ಣ ಕಂಡರೆ ಹುಚ್ಚು. ಟ್ರೆಕ್ಕಿಂಗ್ ಹೋದವರ ಕೆಂಪು ಟೋಪಿಯನ್ನೂ ಹೂವು ಅಂದ್ಕೊಂಡು ಹತ್ತಿರ ಬಂದು ಪರೀಕ್ಷೆ ಮಾಡುತ್ತೆ. ಡೀಸಾದ ಪರಾಗಸ್ಪರ್ಶ ಈ ಒಂದು ಚಿಟ್ಟೆಯನ್ನೇ ನೆಚ್ಚಿಕೊಂಡಿದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಗಿಡ ಎಲ್ಲಿ ನಿಂತಿರುತ್ತೆ ಗೊತ್ತಾ? ಝರಿಯ ಅಂಚಲ್ಲಿ, ಜಲಪಾತದ ತುಂತುರು ಬೀಳೋ ಬಂಡೆ ಸಂದಿಯಲ್ಲಿ, ಪಾಚಿ ಮಧ್ಯೆ. ಕೇಪ್‌ಟೌನ್ ಕಡೆ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಆದರೆ ಡೀಸಾ ಅರಳೋದು ಆ ಒಣ ಬೇಸಿಗೆಯ ನಡುವೆ, ಜನವರಿ–ಫೆಬ್ರವರಿಯ ಆಸುಪಾಸಿನಲ್ಲಿ. ದಕ್ಷಿಣ ಗೋಳಾರ್ಧ ಆಗಿದ್ದರಿಂದ ಅಲ್ಲಿಗೆ ಅದೇ ಬೇಸಿಗೆ. ಇದು ಹೇಗೆ ಸಾಧ್ಯ ಅಂದ್ರೆ, ಮರಳುಗಲ್ಲಿನ ಆ ಬೆಟ್ಟ ನೀರನ್ನ ಹಿಡಿದಿಟ್ಟುಕೊಂಡು ಸಣ್ಣಗೆ ಜಿನುಗಿಸ್ತಾನೇ ಇರುತ್ತೆ. ಬೇಸಿಗೆಯ ಆಗ್ನೇಯ ಗಾಳಿ ಬೆಟ್ಟದ ತಲೆ ಮೇಲೆ ಮೋಡದ ಹೊದಿಕೆ ಹೊದಿಸುತ್ತೆ, ಆ ಮೋಡದಿಂದಲೂ ತೇವ ಸಿಗುತ್ತೆ.

ಆ ನೀರಿನ ಗುಣ ಗಮನಿಸಿ. ಒಂದು, ತಣ್ಣಗಿರುತ್ತೆ. ಎರಡು, ನಿಲ್ಲಲ್ಲ, ಹರೀತಾನೇ ಇರುತ್ತೆ. ಮೂರು, ಅದರಲ್ಲಿ ಲವಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾಲ್ಕು, ಅದು ಆಮ್ಲೀಯ. ಗಿಡಗಂಟಿಗಳ ರಸ ಇಳಿದು ಎಷ್ಟೋ ಝರಿಗಳ ನೀರು ಹಾಲು ಹಾಕದ ಚಹಾದ ಬಣ್ಣದಲ್ಲಿರುತ್ತೆ. ಮಣ್ಣೂ ಬಡ ಮಣ್ಣು, ಗೊಬ್ಬರದ ಸತ್ವ ಅನ್ನೋದೇ ಇಲ್ಲ. ಲಕ್ಷಾಂತರ ವರ್ಷ ಈ ಬಡತನಕ್ಕೇ ಹೊಂದಿಕೊಂಡ ಗಿಡ ಇದು.

ಹಾಗಾಗಿ ಡೀಸಾ ಸಾಯೋದು ಹೆಚ್ಚಾಗಿ ನಿರ್ಲಕ್ಷ್ಯದಿಂದಲ್ಲ, ನಮ್ಮ ಪ್ರೀತಿಯಿಂದ. ನಾವು ಪ್ರೀತಿಯಿಂದ ಏನು ಮಾಡ್ತೀವಿ? ಗೊಬ್ಬರ ಹಾಕ್ತೀವಿ, ಬಿಸಿಲಿಗೆ ಇಡ್ತೀವಿ, ಮನೆಯ ಬೋರ್‌ವೆಲ್ ನೀರು ಧಾರಾಳವಾಗಿ ಸುರೀತೀವಿ. ಮೂರೂ ಇದಕ್ಕೆ ವಿಷ.

ನೀರಿಂದಲೇ ಶುರು ಮಾಡೋಣ. ಬಕೆಟ್ ಅಂಚಲ್ಲಿ ಬಿಳಿ ಕಲೆ ಕೂರಿಸೋ ನೀರು ಡೀಸಾಗೆ ಆಗಲ್ಲ. ಟಿಡಿಎಸ್ ಮೀಟರ್ ಅಂತ ಪೆನ್ನಿನ ಥರದ್ದು ಒಂದು ಸಿಗುತ್ತೆ, ಕೆಲವು ನೂರು ರೂಪಾಯಿ. ಗಿಡ ತಗೊಳ್ಳೋಕೆ ಮುಂಚೆ ಅದನ್ನ ತಗೊಳ್ಳಿ. ಓದಿದಾಗ ನೂರರೊಳಗೆ ತೋರಿಸೋ ನೀರು ಒಳ್ಳೇದು, 200 ದಾಟಿದ್ದು ಬೇಡ. ಮಳೆ ನೀರು ಎಲ್ಲಕ್ಕಿಂತ ಉತ್ತಮ. ತಾರಸಿ ತೊಳೆದುಹೋಗೋವರೆಗೆ ಮೊದಲ ಮಳೆ ಬಿಟ್ಟು, ಆಮೇಲಿನದ್ದನ್ನ ಡ್ರಮ್ಮಿಗೆ ಹಿಡೀರಿ. ಆರ್‌ಓ ನೀರೂ ಆಗುತ್ತೆ. ಆದರೆ ಒಂದು ಎಚ್ಚರಿಕೆ: ಆರ್‌ಓ ಮಷೀನು ಹೊರಗೆ ಬಿಡೋ ವೇಸ್ಟ್ ನೀರು ಇರುತ್ತಲ್ಲ, "ಗಿಡಕ್ಕಾದ್ರೂ ಆಗ್ಲಿ" ಅಂತ ಅಮ್ಮ ಬಕೆಟ್‌ನಲ್ಲಿ ಹಿಡಿದಿಡ್ತಾರಲ್ಲ, ಅದನ್ನ ಮಾತ್ರ ಹಾಕ್ಬೇಡಿ. ಒಳಗೆ ಬಂದ ಲವಣವೆಲ್ಲ ಅದರಲ್ಲೇ ಸೇರಿರುತ್ತೆ.

ಬೇರು ಯಾವತ್ತೂ ಒಣಗಬಾರದು. ಕುಂಡದ ಕೆಳಗೆ ಒಂದು ತಟ್ಟೆ ಇಟ್ಟು ಎರಡು ಸೆಂಟಿಮೀಟರ್‌ನಷ್ಟು ನೀರು ನಿಲ್ಲಿಸಿ, ಆದರೆ ಅದನ್ನ ಆಗಾಗ ಚೆಲ್ಲಿ ಹೊಸದು ಹಾಕಿ. ಮೇಲಿಂದಲೂ ನೀರು ಹಾಯಿಸಿ, ಒಳಗೆ ಉಳಿದ ಲವಣ ತೊಳೆದುಹೋಗಲಿ. ಕುಂಡದಲ್ಲಿ ತೋಟದ ಮಣ್ಣು, ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ ಯಾವುದೂ ಬೇಡ. ಸ್ಫ್ಯಾಗ್ನಮ್ ಪಾಚಿ, ಜೊತೆಗೆ ಚೆನ್ನಾಗಿ ತೊಳೆದ ದಪ್ಪ ಮರಳು ಅಥವಾ ಪರ್ಲೈಟ್, ಅಷ್ಟು ಸಾಕು. ಸುಣ್ಣದಂಶ ಇರೋ ಜಲ್ಲಿ ಬೇಡ. ಗೊಬ್ಬರ ಕೊಡಲೇಬೇಕು ಅಂತಿದ್ರೆ, ಪ್ಯಾಕೆಟ್ ಮೇಲೆ ಬರೆದ ಪ್ರಮಾಣದ ಕಾಲು ಭಾಗಕ್ಕಿಂತಲೂ ಕಡಿಮೆ, ಅದೂ ಗಿಡ ಚಿಗುರ್ತಿರೋ ಕಾಲದಲ್ಲಿ ಮಾತ್ರ.

ಎರಡನೇದು ಬಿಸಿ. ಗಾಳಿ 30 ಡಿಗ್ರಿಗೆ ಹೋದ್ರೂ ಡೀಸಾ ತಡ್ಕೊಳ್ಳುತ್ತೆ. ಆದರೆ ಬೇರು ತಣ್ಣಗಿರಬೇಕು, 20ರ ಆಸುಪಾಸಲ್ಲಿ. ರಾತ್ರಿಯೂ ತಂಪಿರಬೇಕು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದರೆ ಒಳಗೆ ಬೇರು ಬೆಂದುಹೋಗುತ್ತೆ. ಒಂದು ಸರಳ ಉಪಾಯ ಇದೆ. ಗಿಡದ ಕುಂಡವನ್ನ ದೊಡ್ಡ ಮಣ್ಣಿನ ಕುಂಡದೊಳಗೆ ಇಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ, ಆ ಮರಳನ್ನ ಸದಾ ಒದ್ದೆ ಇಡಿ. ಮಡಕೆ ನೀರು ತಣ್ಣಗಾಗೋ ಲೆಕ್ಕವೇ ಇಲ್ಲೂ ಕೆಲಸ ಮಾಡುತ್ತೆ. ಬೆಳಕು ಚೆನ್ನಾಗಿ ಬೇಕು, ಆದರೆ ಶೇಡ್‌ನೆಟ್ ಕೆಳಗೆ. ಗಾಳಿ ಆಡ್ತಿರಬೇಕು. ಗಿಡಹೇನು, ಬಸವನಹುಳು ಬರ್ತವೆ, ಕೈಯಲ್ಲೇ ತೆಗೆದು ಹಾಕಿ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಹೂ ಮುಗಿದ ಮೇಲೆ ಗಿಡ ಒಣಗೋಕೆ ಶುರುವಾಗುತ್ತೆ. ಎಲೆ ಕಂದಾಗಿ, ಕಪ್ಪಾಗಿ, ಪೂರ್ತಿ ಸತ್ತ ಹಾಗೆ ಕಾಣುತ್ತೆ. ಎಷ್ಟೋ ಜನ ಈ ಹಂತದಲ್ಲಿ "ಹೋಯ್ತು" ಅಂತ ಕುಂಡ ಖಾಲಿ ಮಾಡಿಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಹೂ ಬಿಟ್ಟ ಗಿಡ ಸಾಯೋದು ನಿಜ. ಆದರೆ ಸಾಯೋಕೆ ಮುಂಚೆ ಅದು ನೆಲದೊಳಗೆ ಒಂದು ಹೊಸ ಗೆಡ್ಡೆ ಮಾಡಿಟ್ಟಿರುತ್ತೆ. ಮುಂದಿನ ವರ್ಷದ ಗಿಡ ಆ ಗೆಡ್ಡೆಯಿಂದಲೇ ಬರೋದು. ಪಕ್ಕದಲ್ಲಿ ಮರಿ ಗಿಡಗಳೂ ಏಳಬಹುದು. ಹಾಗಾಗಿ ನೀರು ನಿಲ್ಲಿಸ್ಬೇಡಿ. ಹೊಸ ಚಿಗುರು ಕಂಡಾಗ ಮೆಲ್ಲಗೆ ಹೊರಗೆ ತೆಗೆದು, ಕೊಳೆತ ಹಳೇ ಭಾಗ ಬಿಡಿಸಿ, ಗೆಡ್ಡೆ ಮುರಿಯದ ಹಾಗೆ ಹೊಸ ಪಾಚಿಯಲ್ಲಿ ನೆಡಿ. ಪ್ರತಿ ವರ್ಷ ಇಷ್ಟು ಮಾಡಬೇಕು.

ಈ ಗೆಡ್ಡೆಯ ವಿಷಯ ಗೊತ್ತಾದರೆ ಆಫ್ರಿಕಾದ ಇನ್ನೊಂದು ಕಥೆಯೂ ಅರ್ಥ ಆಗುತ್ತೆ. ಜಾಂಬಿಯಾದಲ್ಲಿ ಚಿಕಂಡ ಅನ್ನೋ ತಿನಿಸಿದೆ. ಡೀಸಾ, ಸಟೀರಿಯಂ, ಹಬೆನೇರಿಯಾ ಜಾತಿಯ ನೆಲದ ಆರ್ಕಿಡ್‌ಗಳ ಗೆಡ್ಡೆ ಒಣಗಿಸಿ ಪುಡಿ ಮಾಡಿ, ಕಡಲೆಕಾಯಿ ಪುಡಿ ಸೇರಿಸಿ ಬೇಯಿಸಿ, ಗಟ್ಟಿ ಕೇಕಿನ ಥರ ಮಾಡಿ ಹೋಳು ಮಾಡ್ತಾರೆ. ಹಿಂದೆ ಅದು ಹಳ್ಳಿಯ ಊಟ. ಪಟ್ಟಣಗಳಲ್ಲಿ ಬೇಡಿಕೆ ಏರಿದ ಮೇಲೆ ಅಲ್ಲಿನ ಗೆಡ್ಡೆ ಸಾಲದೆ ಪಕ್ಕದ ತಾಂಜಾನಿಯಾದ ದಕ್ಷಿಣದ ಎತ್ತರದ ಹುಲ್ಲುಗಾವಲಿನಿಂದ ತರಿಸೋಕೆ ಶುರುವಾಯ್ತು. ಒಂದು ಗೆಡ್ಡೆ ಕಿತ್ತರೆ ಮುಂದಿನ ವರ್ಷದ ಒಂದು ಗಿಡ ಹೋಯ್ತು. ಬಿ.ಕಾಂ ಓದಿದ ನನಗೆ ಇದು ಬಡ್ಡಿ ಬಿಟ್ಟು ಅಸಲನ್ನೇ ತಿಂದ ಹಾಗೆ ಕಾಣುತ್ತೆ. ಅಲ್ಲಿನ ಕಿಟುಲೋ ಹುಲ್ಲುಗಾವಲನ್ನ 2005ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. ಜನ ಆ ಜಾಗವನ್ನ ಸ್ವಾಹಿಲಿಯಲ್ಲಿ 'ಬುಸ್ತಾನಿ ಯಾ ಮುಂಗು' ಅಂತಾರೆ, ಅಂದ್ರೆ ದೇವರ ತೋಟ.

ಹಾಗಂತ ಚಿಕಂಡ ತಿನ್ನೋರನ್ನ ನಾನು ಬೈಯಲ್ಲ. ಅದು ಅವರ ಊಟ, ಅವರ ದುಡಿಮೆ. ನಾವು ಫೋನಲ್ಲಿ ನೋಡಿ ಆಸೆಪಟ್ಟು ಆರ್ಡರ್ ಹಾಕೋರು. ನಮ್ಮ ಜವಾಬ್ದಾರಿ ಅದಕ್ಕಿಂತ ದೊಡ್ಡದು.

ಹಾಗಾದ್ರೆ ಕೊಳ್ಳೋದು ಹೇಗೆ? ಆರ್ಕಿಡ್ ಕುಟುಂಬ ಪೂರ್ತಿ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಬರುತ್ತೆ. ಅದರ ಮೇಲೆ ನಮ್ಮ ದೇಶಕ್ಕೆ ಗಿಡ ತರಿಸೋಕೆ ಆಮದು ಪರವಾನಗಿ, ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಪತ್ರ ಎರಡೂ ಬೇಕು. ಯಾರಾದ್ರೂ "ಕಾಗದ ಪತ್ರ ಏನೂ ಬೇಡ, ಪಾರ್ಸೆಲ್‌ನಲ್ಲಿ ಗೆಡ್ಡೆ ಕಳಿಸ್ತೀನಿ" ಅಂದ್ರೆ ಅಲ್ಲೇ ನಿಲ್ಲಿಸಿ. ಆ ಗೆಡ್ಡೆ ಯಾವ ಬೆಟ್ಟದಿಂದ ಕಿತ್ತದ್ದೋ ಗೊತ್ತಾಗಲ್ಲ.

ಡೀಸಾ ವಿಷಯದಲ್ಲಂತೂ ಕಾಡಿಂದ ಕೀಳೋ ಅಗತ್ಯವೇ ಇಲ್ಲ. ಬಹುತೇಕ ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ, ಮೊಳೆಸೋಕೆ ಲ್ಯಾಬ್ ಬೇಕು. ಕೆಂಪು ಡೀಸಾದ ಬೀಜ ಅದಕ್ಕಿಂತ ದೊಡ್ಡದು, ಹರಿಯೋ ನೀರಲ್ಲಿ ತೇಲಿ ಹೋಗಿ ದಡದ ಪಾಚಿಗೆ ಅಂಟಿಕೊಳ್ಳೋಕೆ ಅಂತಲೇ ಇರೋದು. ತಾಜಾ ಬೀಜವನ್ನ ಹಸಿ ಸ್ಫ್ಯಾಗ್ನಮ್ ಮೇಲೆ ಉದುರಿಸಿ ತಂಪಾಗಿ ಇಟ್ಟರೆ ಮೊಳೆಯುತ್ತೆ, ಎರಡು ಮೂರು ವರ್ಷಕ್ಕೆ ಹೂ ಬಿಡುತ್ತೆ. ತಳಿ ಮಿಶ್ರಣವೂ ಹಳೇ ಕಥೆ. ಇಂಗ್ಲೆಂಡಿನಲ್ಲಿ 1891ರಷ್ಟು ಹಿಂದೆಯೇ ಡೀಸಾ ವೀಚಿಯೈ ಅನ್ನೋ ಹೈಬ್ರಿಡ್ ಬಂತು. ಹೈಬ್ರಿಡ್‌ಗಳು ಸಾಮಾನ್ಯವಾಗಿ ಕಾಡಿನ ಗಿಡಕ್ಕಿಂತ ಗಟ್ಟಿ. ಶುರು ಮಾಡೋರಿಗೆ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಹೈಬ್ರಿಡ್ಡೇ ಸರಿ.

ಈಗ ಮೊದಲ ಪ್ರಶ್ನೆ: ನಮ್ಮಲ್ಲಿ ಬೆಳೆಯುತ್ತಾ? ನೇರವಾಗಿ ಹೇಳ್ತೀನಿ. ಕಲಬುರಗಿ, ರಾಯಚೂರು, ಮಂಗಳೂರಿನವರು ಇದರ ಆಸೆ ಬಿಡಿ. ಅಲ್ಲಿನ ರಾತ್ರಿಯ ಸೆಕೆಯೇ ಇದನ್ನ ಮುಗಿಸುತ್ತೆ. ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಜಾಗದವರು ಪ್ರಯತ್ನ ಪಡಬಹುದು. ಬೆಂಗಳೂರಲ್ಲಿ ಏಪ್ರಿಲ್ ದಾಟಿಸೋದೇ ದೊಡ್ಡ ಪರೀಕ್ಷೆ. ದಿನಾ ನೀರು ನೋಡೋಕೆ ಟೈಮ್ ಇಲ್ಲ, ವಾರಾಂತ್ಯಕ್ಕೆ ಊರಿಗೆ ಹೋಗ್ತೀನಿ ಅನ್ನೋರಿಗೆ ಇದು ಬೇಡ.

ಆಫ್ರಿಕಾದ ನೆಲದ ಆರ್ಕಿಡ್ಡೇ ಬೇಕು ಅಂದ್ರೆ ಸ್ಟೆನೋಗ್ಲಾಟಿಸ್ ನೋಡಿ. ದಕ್ಷಿಣ ಆಫ್ರಿಕಾದ ಪೂರ್ವ ಭಾಗದ್ದು, ಅಲ್ಲಿ ನಮ್ಮ ಹಾಗೆ ಬೇಸಿಗೆಯಲ್ಲಿ ಮಳೆ. ಸಣ್ಣ ತಿಳಿ ನೇರಳೆ ಹೂಗಳ ಗೊಂಚಲು. ಹೂ ಮುಗಿದು ಎಲೆ ಒಣಗಿದ ಮೇಲೆ ಅದಕ್ಕೆ ನೀರು ಕಡಿಮೆ ಮಾಡಿ ರೆಸ್ಟ್ ಕೊಡಬೇಕು, ಡೀಸಾಗೆ ಪೂರ್ತಿ ಉಲ್ಟಾ. ಎರಡೂ ಒಂದೇ ದೇಶದ ಆರ್ಕಿಡ್, ಆದರೂ ಒಂದರ ಆರೈಕೆ ಇನ್ನೊಂದಕ್ಕೆ ಸಾವು. ಅದಕ್ಕೇ "ಆರ್ಕಿಡ್ ಕೇರ್ ಟಿಪ್ಸ್" ಅಂತ ಎಲ್ಲಕ್ಕೂ ಒಂದೇ ಪಟ್ಟಿ ಕೊಡೋ ರೀಲ್ಸ್ ನಂಬ್ಬೇಡಿ.

ಈ ವಾರ ನಿಮಗೊಂದು ಕೆಲಸ. ಇಷ್ಟದ ಒಂದು ಗಿಡ ಆರಿಸ್ಕೊಳ್ಳಿ, ಯಾವುದಾದ್ರೂ ಸರಿ. ಅದರ ಮೂಲ ಊರು ಯಾವುದು, ಅಲ್ಲಿ ಮಳೆ ಯಾವಾಗ, ಮಣ್ಣು ಎಂಥದ್ದು ಹುಡುಕಿ. ಆಮೇಲೆ ನಿಮ್ಮ ಬಾಲ್ಕನಿಯಲ್ಲಿ ಅದು ಹೇಗಿದೆ ನೋಡಿ, ನಮಗೆ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಕೆಲವನ್ನ ಓದ್ತೀನಿ. ಸಿಗೋಣ, ನಮಸ್ಕಾರ.