ಕೊಂಡು ಪಶ್ಚಾತ್ತಾಪಪಟ್ಟ ರೆಕಾರ್ಡು



ಬ್ರಾಡ್‌ವೇ ಸಂಗೀತ ನಾಟಕಗಳ ರೆಕಾರ್ಡು ಕೂಡಿಡುವುದು ನನ್ನ ಹುಚ್ಚು. ಚೋರ್ ಬಜಾರಿನಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಸಿಕ್ಕಾಗ ಹಿಂದುಮುಂದು ನೋಡದೆ ಕೊಂಡೆ. ಮನೆಗೆ ಬಂದು ನೋಡಿದರೆ 1965ರ ಸಿನಿಮಾದ್ದಲ್ಲ, 1959ರ ನಾಟಕದ್ದು. ಹಾಡಿದವರು ಜೂಲಿ ಆಂಡ್ರ್ಯೂಸ್ ಅಲ್ಲ, ಮೇರಿ ಮಾರ್ಟಿನ್. ದುಡ್ಡು ದಂಡವಾಯಿತೆಂದು ಹತ್ತು ವರ್ಷ ಕಪಾಟಿನಲ್ಲಿಟ್ಟೆ.

ಲಾಕ್‌ಡೌನಿನಲ್ಲಿ ಕೇಳಿದೆ. ಸಿನಿಮಾದವರು ಕೈಬಿಟ್ಟ ಮೂರು ಹಾಡು ಅದರಲ್ಲಿದ್ದವು. ಒಂದರಲ್ಲಿ, ಕ್ಯಾಪ್ಟನ್‌ನನ್ನು ಮದುವೆಯಾಗಬೇಕಿದ್ದ ಎಲ್ಸಾ, ನಾಜಿಗಳೊಡನೆ ಹೊಂದಿಕೊಂಡು ಹೋಗಲು ಅವನಿಗೆ ಹೇಳುತ್ತಾಳೆ. ನಾಟಕದಲ್ಲಿ ಅವರ ಸಂಬಂಧ ಮುರಿಯುವುದು ಆ ಮಾತಿಗೆ. ಸಿನಿಮಾ ನೋಡಿ ನಾನು ಅವಳನ್ನು ಬರೀ ಮರಿಯಾಳ ಸವತಿಯ ಹಾಗೆ ಕಂಡಿದ್ದೆ. ಹೆಂಗಸರ ನಡುವೆ ಗಂಡಿನ ವಿಷಯ ಬಿಟ್ಟು ಬೇರೇನಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆನಲ್ಲ!

ಈಗ ನನ್ನ ಪಶ್ಚಾತ್ತಾಪ ಕೊಂಡದ್ದಕ್ಕಲ್ಲ, ಹತ್ತು ವರ್ಷ ಕೇಳದೆ ಇಟ್ಟದ್ದಕ್ಕೆ.