ಮೇಳದವರ ಹೆಸರು

(ಗನ್ನವರಂ ವಾಚನಾಲಯದಲ್ಲಿ ಭಾನುವಾರ ಸಂಜೆ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವ ಅಭ್ಯಾಸ ನನಗಿಲ್ಲ. ನಾನು ಬ್ಯಾಂಕಿನ ಗುಮಾಸ್ತ. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕೂ ಇಲ್ಲಿಯ ಆಂಧ್ರ ಬ್ಯಾಂಕೂ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದ ಮೇಲೆ ಈ ಕಡೆಗೆ ಬಂದವನು. ನಮ್ಮ ಮೇಳದಲ್ಲಿ ನನ್ನ ಪಾಲಿಗೆ ಬಂದಿರುವುದು ತಾಳ ಮಾತ್ರ, ಅದೂ ಹಿಂದಿನ ಸಾಲಿನಲ್ಲಿ. ಆದರೂ ಕಾರ್ಯದರ್ಶಿಗಳು ಇಂದು ನನ್ನನ್ನೇ ಎಬ್ಬಿಸಿ ನಿಲ್ಲಿಸಿದ್ದಾರೆ. ಕಾರಣ ತಮಗೆಲ್ಲ ತಿಳಿದೇ ಇದೆ. ಕಳೆದ ವಾರ ವಿಜಯವಾಡದಿಂದ ಇಬ್ಬರು ಹುಡುಗರು ಬಂದು, ತಾವು ತೆಗೆಯುತ್ತಿರುವ ಸಣ್ಣ ಚಿತ್ರವೊಂದಕ್ಕೆ ನಮ್ಮ ಡೊಳ್ಳು, ತಮಟೆ ಬೇಕೆಂದು ಕೇಳಿ ಹೋದರು. ಹೋಗಬೇಕೋ ಬೇಡವೋ ಎಂಬುದು ಇಂದಿನ ಪ್ರಶ್ನೆ.

ಬೇಡವೆನ್ನುವವರ ಮನಸ್ಸಿನಲ್ಲಿರುವುದು ಮೂರು ವರ್ಷದ ಹಿಂದಿನ ಸಂಗತಿ. ಆಗಲೂ ಹೀಗೆಯೇ ಒಬ್ಬರು ಬಂದಿದ್ದರು. ಅವರ ಹೆಸರು ಈಗ ಬೇಡ. ನಮ್ಮಲ್ಲಿ ಆರು ಜನ ಒಂದು ರಾತ್ರಿಯೆಲ್ಲ ಕಿಟಕಿಗೆ ಹಾಸಿಗೆ ಕಟ್ಟಿದ ಕೋಣೆಯಲ್ಲಿ ಕುಳಿತು ನುಡಿಸಿದೆವು. ಊಟ ಹಾಕಿದರು, ಆಟೋ ಬಾಡಿಗೆ ಕೊಟ್ಟರು, "ನಿಮ್ಮ ಹೆಸರು ತೆರೆಯ ಮೇಲೆ ಬರುತ್ತದೆ" ಎಂದರು. ಹಾವೇರಿ ಕಡೆಯ ನಮ್ಮ ಡೊಳ್ಳಿನ ಅಣ್ಣ ಮಾರನೆಯ ದಿನ ಗಾರೆ ಕೆಲಸಕ್ಕೆ ಹೋಗಲಾಗಲಿಲ್ಲ. ಒಂದು ದಿನದ ಕೂಲಿ ಹೋಯಿತು. ಚಿತ್ರ ತೋರಿಸಿದ ದಿನ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದ. ಅವನಿಗೆ ಓದು ಬಾರದು. ಇಲ್ಲಿಯ ಶಾಲೆಯಲ್ಲಿ ಕಲಿಯುವ ಮಗಳು ಕೊನೆಯಲ್ಲಿ ಏರುತ್ತಿದ್ದ ತೆಲುಗು ಅಕ್ಷರಗಳನ್ನೆಲ್ಲ ಓದಿ ಹೇಳಿದಳು. ಚಹಾ ಒದಗಿಸಿದವರ ಹೆಸರಿತ್ತು. ನಾಯಕನ ತಂದೆಯ ಹೆಣ ಹೊರಡುವಾಗ ಇಡೀ ಮಂದಿರ ನಡುಗುವಂತೆ ಡೊಳ್ಳು ಬಡಿದವನ ಹೆಸರಿರಲಿಲ್ಲ. "ಅಣ್ಣಾರ, ನಾವೇನು ತಪ್ಪು ಬಾರಿಸಿದ್ವೇನ್ರಿ?" ಎಂದು ಅವನು ನನ್ನನ್ನು ಕೇಳಿದ. ಆ ಮಾತಿಗೆ ಉತ್ತರ ಹುಡುಕುತ್ತ ನಾನು ಓದಿದ್ದನ್ನೇ ಈಗ ಹೇಳುತ್ತೇನೆ.

ದೊಡ್ಡ ಬಂಡವಾಳವಿಲ್ಲದ ಚಿತ್ರಗಳು ಹೊರಗಿನ ಸಂಗೀತಗಾರರನ್ನು ಕರೆಯುವುದು ಇಂದಿನ ಮಾತಲ್ಲ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಅಲ್ಲಿಯ ವಾದ್ಯವೃಂದವೇ ಎಲ್ಲಕ್ಕೂ ನುಡಿಸುತ್ತಿತ್ತು. ಆ ರೂಢಿಯನ್ನು ಬಿಟ್ಟು ನಡೆದದ್ದು 1970ರ 'ಸಂಸ್ಕಾರ'. ಅದನ್ನು ತೆಗೆದ ಪಟ್ಟಾಭಿರಾಮ ರೆಡ್ಡಿಯವರು ಇದೇ ಆಂಧ್ರದ ನೆಲ್ಲೂರಿನವರು, ತೆಲುಗು ಕವಿ. ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥರು. ಇಂಗ್ಲಿಷ್ ಅಧ್ಯಾಪಕರು, ಚಿತ್ರಸಂಗೀತದ ಕಸುಬಿನವರಲ್ಲ. ರಾಯಚೂರಿನ ಮಿತ್ರರು ಹೆಮ್ಮೆಪಡಬಹುದು, ಅವರ ತಂದೆ ಪಂಡಿತ ತಾರಾನಾಥರು ಆ ಊರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದವರು. ಮುಂದೆ 1977ರಲ್ಲಿ ಮಲಯಾಳದ ಅರವಿಂದನ್ ಅವರು ಆಂಧ್ರದ ರಾಮ ಚೆಂಚು ಜನರನ್ನೇ ಪಾತ್ರಧಾರಿಗಳಾಗಿ ನಿಲ್ಲಿಸಿ 'ಕಾಂಚನ ಸೀತ' ತೆಗೆದಾಗಲೂ ಸಂಗೀತ ರಾಜೀವ ತಾರಾನಾಥರದೇ. ಕನ್ನಡಿಗನ ಸರೋದ್, ಆಂಧ್ರದ ಕಾಡಿನ ಜನ, ಮಲಯಾಳದ ಚಿತ್ರ!

1975ರ 'ಚೋಮನ ದುಡಿ'ಯಂತೂ ಹೆಸರಿನಲ್ಲೇ ವಾದ್ಯವನ್ನು ಹೊತ್ತ ಚಿತ್ರ. ಶಿವರಾಮ ಕಾರಂತರ ಚೋಮನಿಗೆ ಹೊಲವಿಲ್ಲ, ಆದರೆ ಮಾತಿನಲ್ಲಿ ಆಗದ್ದನ್ನು ಹೇಳಲು ದುಡಿ ಇದೆ. ಅದನ್ನು ನಿರ್ದೇಶಿಸಿ ಸಂಗೀತವನ್ನೂ ಕೊಟ್ಟ ಬಿ.ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿದ್ದವರು, ನಾಟಕದ ಮನುಷ್ಯ. 'ಋಷ್ಯಶೃಂಗ', 'ಘಟಶ್ರಾದ್ಧ'ಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಂಬಾರರ 'ಕಾಡು ಕುದುರೆ'ಯಲ್ಲಿ ಹಾಡಿದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ಆ ಒಂದು ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಇತ್ತೀಚಿನದನ್ನು ಹೇಳುವುದಾದರೆ, ಪವನ್ ಕುಮಾರರು ಸಾರ್ವಜನಿಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ತೆಗೆದ, 2013ರಲ್ಲಿ ತೆರೆಕಂಡ 'ಲೂಸಿಯಾ'ಕ್ಕೆ ಹೊಸಬರಾದ ಪೂರ್ಣಚಂದ್ರ ತೇಜಸ್ವಿಯವರ ಸಂಗೀತ. ವಿಶಾಖಪಟ್ಟಣದ ಕಂಚರಪಾಲೆಂನಲ್ಲಿ ಅಲ್ಲಿಯವರನ್ನೇ ನಟರನ್ನಾಗಿ ಮಾಡಿ ತೆಗೆದ ಚಿತ್ರವೊಂದು 2018ರಲ್ಲಿ ಬಂದದ್ದನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದೀರಿ.

ಇಷ್ಟು ಹೆಸರು ಹೇಳಿದೆನಲ್ಲ, ಇವೆಲ್ಲ ಸಂಗೀತ ನಿರ್ದೇಶಕರ, ಮುಖ್ಯ ಗಾಯಕರ ಹೆಸರುಗಳು. ಇವುಗಳಲ್ಲಿ ಕೋಲು ಹಿಡಿದು ಬಾರಿಸಿದವರು ಯಾರೆಂದು ಕೇಳಿದರೆ ನಾನೂ ತಡವರಿಸುತ್ತೇನೆ.

ಇನ್ನು ಕಾನೂನಿನ ಮಾತು. ಸ್ವಲ್ಪ ಸಹಿಸಿಕೊಳ್ಳಿ, ಇದೇ ಮುಖ್ಯವಾದದ್ದು. ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆ 1957ರದು. ಒಪ್ಪಂದದ ಮೇಲೆ ಚಿತ್ರಕ್ಕೆ ರಾಗ ಹಾಕಿಕೊಟ್ಟರೆ ಅದರ ಒಡೆಯ ನಿರ್ಮಾಪಕನೇ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2012ರ ತಿದ್ದುಪಡಿ ಇದನ್ನು ಬಹಳಷ್ಟು ಬದಲಿಸಿತು. ಹಾಡು ಬರೆದವರೂ ರಾಗ ಹಾಕಿದವರೂ, ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು ಬೇರೆ ಬಗೆಯ ಬಳಕೆಗೆ ರಾಯಲ್ಟಿ ಪಡೆಯುವ ಹಕ್ಕನ್ನು ನಿರ್ಮಾಪಕನಿಗೆ ಬರೆದುಕೊಡಲು ಬರುವುದೇ ಇಲ್ಲ, ಬರೆದುಕೊಟ್ಟರೂ ನಿಲ್ಲುವುದಿಲ್ಲ.

ಆದರೆ ನಾವು ಬಾರಿಸುವುದು ಅಜ್ಜ ಮುತ್ತಜ್ಜನ ಕಾಲದ ಮಟ್ಟು. ಅದನ್ನು ಕಟ್ಟಿದವನು ಇಂಥವನೇ ಎನ್ನಲಾಗದು. ನಮಗೆ ಉಳಿಯುವುದು ಬಾರಿಸಿದ್ದರ ಹಕ್ಕು, ಎಂದರೆ ಪ್ರದರ್ಶಕನ ಹಕ್ಕು. ಅದು ಕಾಯಿದೆಯೊಳಗೆ ಬಂದದ್ದು 1994ರಲ್ಲಿ. ಈಗ ಅದರ ಅವಧಿ 50 ವರ್ಷ. ಲಿಖಿತ ಒಪ್ಪಂದದಿಂದ ಚಿತ್ರಕ್ಕೆ ಸೇರಿಸಲು ಒಪ್ಪಿದ ಮೇಲೂ, ವ್ಯಾಪಾರದ ಬಳಕೆಯಾದರೆ ರಾಯಲ್ಟಿಗೆ ನಾವು ಅರ್ಹರು. ನುಡಿಸಿದವರು ಇವರೆಂದು ಗುರುತಿಸಬೇಕೆನ್ನುವ ಹಕ್ಕೂ ಉಂಟು.

ಇಲ್ಲೊಂದು ಮುಳ್ಳಿದೆ. ಚಿತ್ರದಲ್ಲಿ ಒಬ್ಬನ ಪಾಲು ಕೇವಲ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲಿ ಎಲ್ಲೂ ಕಾಣಿಸದಿದ್ದರೆ ಅವನನ್ನು ಪ್ರದರ್ಶಕನೆಂದೇ ಎಣಿಸಬೇಕಾಗಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. ತನ್ನ ನುಡಿಸಾಣಿಕೆಯನ್ನು ಕೆಡಿಸಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಅವನಿಗೆ ಉಳಿಯುತ್ತದೆ. ತೆರೆಯ ಮೇಲಿನ ಹೆಸರು ಬರಿಯ ಒಣಹೆಮ್ಮೆಯೆಂದು ನಮ್ಮಲ್ಲಿ ಕೆಲವರು ಅಂದು ನಕ್ಕಿರಿ. ನಾನೂ ನಕ್ಕಿದ್ದೆ. ಅದು ನಗುವ ಸಂಗತಿಯಾಗಿರಲಿಲ್ಲ. ಹೆಸರು ಹೋದರೆ, ನಾನು ನುಡಿಸಿದ್ದೇನೆ ಎನ್ನುವುದಕ್ಕೇ ಆಧಾರ ಹೋಗಬಹುದು.

"ಅವರೂ ಬಡ ಹುಡುಗರು, ಹಣ ಎಲ್ಲಿಂದ ತಂದಾರು?" ಎಂದು ಹೋಟೆಲಿನ ಭಟ್ಟರು ಮೊನ್ನೆ ಕೇಳಿದರು. ನಿಜ. ಆದರೆ ದಿನಗೂಲಿ ಕಳೆದುಕೊಂಡು ಬಂದವನು ಅವರಿಗಿಂತ ಬಡವ. ಕ್ಯಾಮರಾ ಬಾಡಿಗೆಗೆ ಹಣ ಹೊಂದಿಸುವವರು ಆರು ಜನರ ಒಂದು ದಿನದ ಕೂಲಿಯನ್ನೂ ಹೊಂದಿಸಬಲ್ಲರು. ಹೆಸರು ಹಾಕುವುದಕ್ಕಂತೂ ಖರ್ಚೇ ಇಲ್ಲ.

ಹೋಗಬಾರದು ಎಂದು ನಾನು ಹೇಳುವುದಿಲ್ಲ. ಊರು ಬಿಟ್ಟು ಬಂದ ಮೇಲೆ ನಮ್ಮ ಡೊಳ್ಳನ್ನು ಕೇಳುವೆವೆಂದು ಬರುವವರು ಎಷ್ಟು ಜನ? ಹೋಗೋಣ, ಕಾಗದ ಮಾಡಿಕೊಂಡು ಹೋಗೋಣ. ಒಂದು ಹಾಳೆಯ ಕರಡು ಬರೆದಿದ್ದೇನೆ, ಕನ್ನಡದಲ್ಲೂ ತೆಲುಗಿನಲ್ಲೂ. ಆರೂ ಜನರ ಹೆಸರು, ವಾದ್ಯ, ತೆರೆಯ ಮೇಲೆ ಆ ಹೆಸರುಗಳು ಬರತಕ್ಕದ್ದು ಎಂಬ ಮಾತು, ಅಂದಿನ ಕೂಲಿ, ಈ ಚಿತ್ರಕ್ಕಲ್ಲದೆ ಬೇರೆಡೆಗೆ ಬಳಸಿದರೆ ಮತ್ತೆ ಕೇಳಿ ಹಣ ಕೊಡಬೇಕೆಂಬ ಮಾತು, ಇಷ್ಟೇ. ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಕಾಯಿದೆಯೇ 5 ವರ್ಷ, ಭಾರತದೊಳಗೆ ಎಂದು ಇಟ್ಟುಕೊಳ್ಳುತ್ತದೆ. ನಾವು ಅದನ್ನೂ ಬರೆದೇಬಿಡೋಣ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ಇಬ್ಬರು ಸಾಕ್ಷಿ ಹಾಕುತ್ತೇವೆ. ವಕೀಲರೊಬ್ಬರಿಗೆ ಒಮ್ಮೆ ತೋರಿಸುವುದೂ ಒಳ್ಳೆಯದು.

ಕರಡು ಪತ್ರಿಕೆಗಳ ಮೇಜಿನ ಮೇಲೆ ಇದೆ. ಓದಲು ಬಾರದವರಿಗೆ ನಾನು ಓದಿ ಹೇಳುತ್ತೇನೆ. ಹುಡುಗರು ಗುರುವಾರ ಸಂಜೆ ಮತ್ತೆ ಬರುತ್ತಾರೆ. ಅಷ್ಟರೊಳಗೆ ದೊಡ್ಡ ಡೊಳ್ಳಿನ ಹಗ್ಗ ಬಿಗಿಸಬೇಕು, ಮಳೆಗೆ ಚರ್ಮ ಸಡಿಲಾಗಿದೆ. ಹಾವೇರಿಯ ಅಣ್ಣ ಈಗಲೇ ಎದ್ದು ಅದರ ಬಳಿ ಹೋಗಿ ಕುಳಿತಿದ್ದಾನೆ.